ದೋಟಿ ತುದಿಯ ಬಿಪಿ ಮಾತ್ರೆ

ನನ್ನ ಹೆತ್ತಮ್ಮನಿಗೆ ನಾನೊಮ್ಮೆ ಬಿಪಿ ಮಾತ್ರೆಯನ್ನು ದೋಟಿಯಲ್ಲಿ ದಾಟಿಸಿದ್ದೇನೆ. ಹೌದು, ಅಡಿಕೆ ಗೊನೆ ಕೊಯ್ಯುವ ಅದೇ ಉದ್ದನೆಯ ಕೋಲು. ನಗಬೇಡಿ. ಆವತ್ತು ನನಗೆ ಅಳು ಬಂದಿತ್ತು.

ಕೊರೊನಾ ಎರಡನೇ ಅಲೆಯ ಲಾಕ್‌ಡೌನ್. ಅಡ್ಡಗದ್ದೆ ಹತ್ತಿರದ ತವರಿನಲ್ಲಿ ಒಬ್ಬಳೇ ಇದ್ದ ಅಮ್ಮನಿಗೆ ಮಾತ್ರೆ ಮುಗಿದಿತ್ತು. ಕೊಪ್ಪದಿಂದ ಸ್ಕೂಟಿಯಲ್ಲಿ ಹೊರಟೆ. ದಾರಿಯಲ್ಲಿ ಪೊಲೀಸರು ತಡೆದರು, ಡಾಕ್ಟರ ಚೀಟಿ ನೋಡಿದರು, ಬಿಟ್ಟರು. ಬಿಡದವರು ಯಾರು ಗೊತ್ತೇ? ನಮ್ಮೂರಿನವರೇ! ರಸ್ತೆಗೆ ಅಡ್ಡ ಬಿದಿರು ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಮುಂದಾಳು ಪಕ್ಕದ ಮನೆಯ ಶ್ರೀಧರಣ್ಣ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದ ಮನುಷ್ಯ.

"ಬೇಜಾರು ಮಾಡ್ಕಬೇಡ ಮಾರಾಯ್ತಿ. ಪೇಟೆಯಿಂದ ಬಂದವ್ರನ್ನ ಒಳಗೆ ಬಿಡದಿಲ್ಲ ಅಂತ ತೀರ್ಮಾನ ಆಗಿದೆ" ಎಂದರು.

"ಕೊಪ್ಪ ಎಂತ ಪೇಟೆ ಶ್ರೀಧರಣ್ಣ?" ಎಂದೆ. (ಕೊಪ್ಪದ ಓದುಗರು ಕ್ಷಮಿಸಬೇಕು.)

ಸುದ್ದಿ ತಿಳಿದು ಅಮ್ಮ ಓಡಿ ಬಂದಳು. ಅವಳನ್ನು ದೂರದ ಹಲಸಿನ ಮರದ ಬುಡದಲ್ಲೇ ನಿಲ್ಲಿಸಿದರು. "ತಿಂಡಿ ಆಯ್ತಾ?" ಎಂದು ಅಲ್ಲಿಂದಲೇ ಕೂಗಿದಳು. ಕಾವಲಿನವರು ಬಿದಿರಿನ ಆಚೆಯಿಂದ ಚಾಚಿದ ದೋಟಿಯ ಕೊಕ್ಕೆಗೆ ನಾನು ಮಾತ್ರೆಯ ಕವರನ್ನು ಸಿಕ್ಕಿಸಿದೆ. ಆರು ಅಡಿ ಅಂತರ ಸರ್ಕಾರದ್ದು, ದೋಟಿ ಅಂತರ ನಮ್ಮೂರಿನದ್ದು.

ಇಷ್ಟು ಶಿಸ್ತಿನ ಕಾವಲುಗಾರರು ಕೂತಲ್ಲಿ ಏನು ಮಾಡುತ್ತಿದ್ದರು? ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು ಎಲೆ ಅಡಿಕೆ ಹಾಕುತ್ತಿದ್ದರು. ಒಂದೇ ತಟ್ಟೆ. ಒಂದೇ ಸುಣ್ಣದ ಡಬ್ಬಿ. ಎಲ್ಲರ ಬೆರಳೂ ಮೊದಲು ಅದರಲ್ಲಿ, ಆಮೇಲೆ ಬಾಯಲ್ಲಿ, ಮತ್ತೆ ಅದರಲ್ಲಿ. ಅದೇ ಕೈಯಿಂದ ಶ್ರೀಧರಣ್ಣ ಕೊಕ್ಕೆಯಿಂದ ಕವರು ಬಿಡಿಸಿ ಅಮ್ಮನಿಗೆ ಕೊಟ್ಟರು.

ಮುಂದಿನದ್ದು ನೀವೇ ಊಹಿಸಿರುತ್ತೀರಿ. ಸ್ವಲ್ಪ ದಿನದಲ್ಲೇ ಇಡೀ ಕಾವಲು ಪಡೆ ಕೆಮ್ಮುತ್ತಾ ಹಾಸಿಗೆ ಹಿಡಿಯಿತು. ಹಿಂದೆಯೇ ಅಮ್ಮನೂ. ಪೇಟೆಯವಳಾದ ನಾನು ಗುಂಡುಕಲ್ಲಿನ ಹಾಗೆ ಇದ್ದೆ! ಅಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನ ದೇವರಿಗೆ ಕೈಮುಗಿದದ್ದಕ್ಕಿಂತ ಶ್ರೀಧರಣ್ಣನಿಗೆ ಬೈದದ್ದೇ ಹೆಚ್ಚು. ಅಮ್ಮ ಗಟ್ಟಿ ಜೀವ, ಎದ್ದು ಬಂದಳು. ಅವರೂ ಎದ್ದು ಬಂದರು.

ಈಗ ಇದೆಲ್ಲ ಯಾಕೆ ಅಂದಿರಾ? ಕಳೆದ ಭಾನುವಾರ ತವರಿನಲ್ಲಿ ಪೂಜೆಯಿತ್ತು. ಊಟ ಮುಗಿಸಿ ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಟಿವಿಯಲ್ಲಿ ಯಾವುದೋ ಹೊಸ ವೈರಸ್ಸಿನ ಸುದ್ದಿ ಬಂತು. ಶುರುವಾಯಿತು ಚರ್ಚೆ.

"ಬಿಗಿ ಲಾಕ್‌ಡೌನೇ ಸೈ. ಅವತ್ತು ನಾವು ಅಡ್ಡ ಕಟ್ಟಿದ್ದಕ್ಕೇ ಊರು ಉಳ್ಕಂಡಿದ್ದು" ಎಂದರು ಶ್ರೀಧರಣ್ಣ, ಎಲೆಗೆ ಸುಣ್ಣ ಹಚ್ಚುತ್ತಾ.

"ಎಂತ ಉಳ್ಸಿದ್ದು? ಮನುಷ್ಯನಿಗೆ ಸ್ವಾತಂತ್ರ್ಯ ಅನ್ನದು ಬೇಡ್ವಾ?" ಎಂದು ಎಗರಿದ ಎನ್.ಆರ್. ಪುರದಿಂದ ಬಂದಿದ್ದ ದೊಡ್ಡಮ್ಮನ ಮಗ ಗಣೇಶ. (ಬೈಕಿಗೆ 'ಅಗತ್ಯ ಸೇವೆ' ಎಂದು ಚೀಟಿ ಅಂಟಿಸಿ ಕ್ರಿಕೆಟ್ ಆಡಲು ಹೋಗಿ ಲಾಠಿ ರುಚಿ ನೋಡಿದ ಸ್ವಾತಂತ್ರ್ಯ ಹೋರಾಟಗಾರ ಇವನೇ.)

ನನಗನ್ನಿಸಿದ್ದು ಇಷ್ಟು. ಇಬ್ಬರದ್ದೂ ಒಂದೇ ಪಕ್ಷ. ನಿರ್ಬಂಧ ಬೇಕು, ಪಕ್ಕದವರಿಗೆ. ಸ್ವಾತಂತ್ರ್ಯ ಬೇಕು, ತಮಗೆ. ಹಾಗಂತ ಲಾಕ್‌ಡೌನೇ ಬೇಡ ಎನ್ನುವ ಧೈರ್ಯ ನನಗಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಬಂದವಳು ನಾನು.

ಅಷ್ಟರಲ್ಲಿ ಅಮ್ಮ ಮಜ್ಜಿಗೆ ತಂದಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

"ನನ್ನ ಉಳಿಸಕ್ಕೆ ಅಂತ ಅಡ್ಡ ಕಟ್ಟಿದ್ರಿ, ಸರಿ. ಮಗಳು ಬಿದಿರಿನ ಆಚೆ ನಿಂತು ಅಳ್ತಿದ್ಲು. ಹತ್ರ ಹೋಗ್ತೀರಾ, ಇಲ್ಲೇ ನಿಲ್ತೀರಾ ಅಂತ ನನ್ನ ಒಂದು ಮಾತು ಯಾರಾದ್ರೂ ಕೇಳಿದ್ರಾ ಶ್ರೀಧರ?"

ಶ್ರೀಧರಣ್ಣ ಸುಣ್ಣ ಹಚ್ಚಿದ ಎಲೆಯನ್ನು ಮಡಚಿ ಬಾಯಿಗೆ ತುರುಕಿಕೊಂಡರು.

"ಕೇಳಿದ್ರೆ ಇಲ್ಲೇ ನಿಲ್ತೀನಿ ಅಂತಿದ್ದೆ" ಎಂದಳು ಅಮ್ಮ. "ಆದ್ರೂ ಕೇಳ್ಬೇಕಿತ್ತು."

ಎಲ್ಲರೂ ಶ್ರೀಧರಣ್ಣನ ಮುಖ ನೋಡಿದೆವು. ಪಾಪ, ಅವರಾದರೂ ಏನು ಹೇಳಿಯಾರು? ಊರನ್ನು ಕಾಯುವವರ ಬಾಯಿ ಯಾವಾಗಲೂ ತುಂಬಿಯೇ ಇರುತ್ತದಲ್ಲ!