ಬಿಂಬುಳಿಯಲ್ಲಿ ತಿಕ್ಕಿದ ಜರ್ಮನ್ ಇಂಜಿನು

ನನ್ನ ಗಂಡ ನಿಝಾಮುದ್ದೀನ್ ಅವರ ಬಗ್ಗೆ ಬರೆಯಬೇಕೆಂದರೆ ಅವರು ಕೈಯಾರೆ ಮಾಡಿದ ಆ ಪುಟ್ಟ ರೈಲು ಇಂಜಿನಿನ ಬಗ್ಗೆ ಬರೆಯಬೇಕು. ಬೇರೆ ದಾರಿಯನ್ನು ಅವರು ಬಿಟ್ಟೇ ಇಲ್ಲ. ಹನ್ನೊಂದು ವರ್ಷ ನಮ್ಮ ಊಟದ ಮೇಜಿನ ಅರ್ಧ ಭಾಗ ಅದರದ್ದು. ನಾನು, ಮಕ್ಕಳು, ಬಂದ ನೆಂಟರು ಎಲ್ಲ ಉಳಿದರ್ಧದಲ್ಲಿ ಉಂಡೆವು.

ಫರಂಗಿಪೇಟೆಯ ಹೆದ್ದಾರಿ ಬದಿಯಲ್ಲಿ ಇವರದ್ದು ಪಂಪಿನ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ. ನರಿಕೊಂಬಿನ ಜತ್ತಪ್ಪಣ್ಣ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಸುಟ್ಟುಹೋದ ಮೋಟಾರು ತಂದಿಟ್ಟು ಮೂರು ದಿನ ಬಂದು ಹೋದರು. ಇವರು ಆಗ ಇಂಜಿನಿನ ಮೆಟ್ಟಿಲೊಂದನ್ನು ಅರದಿಂದ ಉಜ್ಜುತ್ತಾ ಕೂತಿದ್ದರು. ಮೆಟ್ಟಿಲಿನ ಅಗಲ ನನ್ನ ಕಿರುಬೆರಳಿನ ಉಗುರಿನಷ್ಟೂ ಇರಲಿಲ್ಲ. ನಮ್ಮ ಮನೆಯ ಮಿಕ್ಸಿಯಂತೂ ಎರಡು ವರ್ಷದಿಂದ ಕೆಟ್ಟು ಕೂತಿದೆ, ನಾನು ಕಡೆಯುವ ಕಲ್ಲಿಗೆ ಮರಳಿದ್ದೇನೆ. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಯನ್ನು ಶಾಲೆಯಲ್ಲಿ ಮಕ್ಕಳಿಗೆ ವಿವರಿಸುವಾಗ ಈ ಕನ್ನಡ ಟೀಚರಿಗೆ ಬೇರೆ ಉದಾಹರಣೆ ಬೇಕಾಗುವುದಿಲ್ಲ.

ಇದೆಲ್ಲ ಶುರುವಾದದ್ದು ಸೌದಿಯ ಜುಬೈಲಿನಲ್ಲಿ. ಅಲ್ಲಿಯ ವರ್ಕ್‌ಶಾಪಿನಲ್ಲಿ ಇವರು ಒಂಬತ್ತು ವರ್ಷ ದುಡಿದದ್ದು ವೆರ್ನರ್ ಎಂಬ ಜರ್ಮನಿಯವರ ಕೈಕೆಳಗೆ. ವೆರ್ನರ್ ಸಾಹೇಬರ ಅಪ್ಪ ರೈಲು ಚಾಲಕರು. ಇ-94 ಎಂಬ ಕರೆಂಟಿನ ಇಂಜಿನು ಓಡಿಸಿದವರು. ಹಿಂದೆ ಮುಂದೆ ಎರಡೂ ಕಡೆ ಉದ್ದ ಮೂತಿ ಇರುವುದರಿಂದ ಆ ದೇಶದ ಜನ ಅದನ್ನು ಮೊಸಳೆ ಎನ್ನುತ್ತಾರಂತೆ. ಆ ಸಾಹೇಬರು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಇವರ ಕೆಲಸವನ್ನು ಚೆನ್ನಾಗಿದೆ ಎನ್ನಲಿಲ್ಲ. ತಪ್ಪಿದ್ದರೆ ವಾಪಸು ಕೊಡುವುದು, ತಪ್ಪಿಲ್ಲದಿದ್ದರೆ ಸುಮ್ಮನಿರುವುದು, ಅಷ್ಟೇ. ಆ ಒಂದು ಮಾತು ಕೇಳಬೇಕೆಂಬ ಆಸೆ ಇವರ ತಲೆಯೊಳಗೆ ಹೊಕ್ಕಿತು. ಊರಿಗೆ ಬರುವಾಗ ಇಂಜಿನಿನ ನಕ್ಷೆಗಳನ್ನು ಅವರಿಂದ ಕೇಳಿ ತಂದರು. ಉಳಿದವರು ಚಿನ್ನ, ಕಂಬಳಿ ತಂದರೆ ಇವರದ್ದು ಕಾಗದದ ಸುರುಳಿ.

ಮೂವತ್ತೆರಡರಲ್ಲಿ ಒಂದು ಪಾಲಿನ ಅಳತೆ, ಪೂರಾ ಹಿತ್ತಾಳೆ. ಹತ್ತಿರ ಹತ್ತಿರ ಎರಡು ಅಡಿ ಉದ್ದ, ಹನ್ನೆರಡು ಚಕ್ರ. ಚಾಲಕನ ಕೋಣೆಯೊಳಗೆ ಕುರ್ಚಿ ಮಾಡಿದರು, ಆಮೇಲೆ ಮೇಲಿನಿಂದ ಮಾಡಿನ ತಗಡು ಮುಚ್ಚಿದರು.

"ಒಳಗಿನ ಕುರ್ಚಿ ಯಾರಿಗೆ ಕಾಣ್ತದೆ?" ಎಂದೆ.

"ಕಾಣದಿದ್ದರೆ ಅಲ್ಲಿ ಕುರ್ಚಿ ಬೇಡವಾ? ಚಾಲಕ ನಿಂತೇ ಓಡಿಸುವುದಾ?" ಎಂದರು. ಇಂಥವರ ಹತ್ತಿರ ಎಷ್ಟೆಂದು ವಾದ ಮಾಡುವುದು?

ಬಣ್ಣ ಬಳಿದರೆ ರಿವಿಟುಗಳ ಅಂಚು ಮುಚ್ಚುತ್ತದೆಂದು ಬಣ್ಣ ಬಳಿಯಲಿಲ್ಲ. ಅದರ ಬದಲು ಹಿತ್ತಾಳೆಯನ್ನು ಕಪ್ಪಾಗಿಸುವ ಔಷಧ ತರಿಸಿ, ಅದರಲ್ಲಿ ಹತ್ತಿ ಅದ್ದಿ, ಒಂದೊಂದೇ ಪದರ ಹಚ್ಚಿದರು. ದಶಕಗಟ್ಟಲೆ ಓಡಿದ ಇಂಜಿನಿನ ಮಸಿ, ಗ್ರೀಸು, ಬ್ರೇಕಿನ ಧೂಳು ಎಲ್ಲ ಅದರ ಮೇಲೆ ಕಾಣಬೇಕಂತೆ. ಆ ಕಪ್ಪಿಗೇ ಎರಡು ವರ್ಷ ಹೋಯಿತು. ಕೊನೆಗೆ ಅದು ನಿಜಕ್ಕೂ ದುಡಿದು ದಣಿದ ಇಂಜಿನಿನ ಹಾಗೆ ಕಂಡಿತೆಂದು ನಾನೂ ಒಪ್ಪುತ್ತೇನೆ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಈ ವರ್ಷ ರಂಜಾನಿಗೆ ಮುಂಚೆ ವೆರ್ನರ್ ಸಾಹೇಬರ ಮೊಮ್ಮಗಳು ಹನ್ನಾ ಉಜಿರೆಯ ಕಡೆ ಪ್ರಕೃತಿ ಚಿಕಿತ್ಸೆಗೆ ಬಂದಿದ್ದಳು. ಅಜ್ಜ ಹಾಸಿಗೆ ಹಿಡಿದಿದ್ದಾರೆ, ಹೆಚ್ಚು ದಿನ ಇಲ್ಲ, ವಿಮಾನ ನಿಲ್ದಾಣಕ್ಕೆ ಹೋಗುವಾಗ ಅವರಿಗೆ ತೋರಿಸಲು ನಿಮ್ಮ ಇಂಜಿನನ್ನು ಕೈಯಲ್ಲೇ ಒಯ್ಯುತ್ತೇನೆ ಎಂದು ಫೋನ್ ಮಾಡಿದಳು. ಇವರು ಆ ವಾರ ಸರಿಯಾಗಿ ಉಣ್ಣಲಿಲ್ಲ.

ರಂಜಾನ್ ಬರುವ ಮೊದಲು ನಮ್ಮಲ್ಲಿ ಮನೆಯ ಮೂಲೆಮೂಲೆ ತೊಳೆಯುತ್ತಾರೆ. ಅದಕ್ಕೆಂದು ಇವರ ಅಕ್ಕ ಶಾಹಿದಾ ಪ್ರತಿವರ್ಷ ಬರುತ್ತಾರೆ. ಉಮ್ಮ ಬೇಗ ತೀರಿಕೊಂಡ ಮೇಲೆ ಇವರನ್ನು ಸಾಕಿದವರು, ಬೀಡಿ ಕಟ್ಟಿ ಐಟಿಐ ಓದಿಸಿದವರು ಅವರೇ. ಕೆಲಸಕ್ಕೆ ನಿಂತರೆ ಯಾರನ್ನೂ ಕೇಳುವ ಪೈಕಿ ಅಲ್ಲ. ಹನ್ನಾ ಬರುವ ಹಿಂದಿನ ದಿನ ನಾನು ಶಾಲೆಯಲ್ಲಿದ್ದೆ, ಇವರು ಪೆಟ್ಟಿಗೆ ಮಾಡಿಸಲು ಬಡಗಿಯಲ್ಲಿಗೆ ಹೋಗಿದ್ದರು.

ಸಂಜೆ ಬಂದು ನೋಡುತ್ತೇನೆ, ಜಗಲಿಯಲ್ಲಿ ತಂಬಿಗೆ, ಹರಿವಾಣಗಳ ಸಾಲಿನಲ್ಲಿ ಇಂಜಿನೂ ಒಣಗುತ್ತಿದೆ. ಬಿಂಬುಳಿ ಕಾಯಿಯ ಹುಳಿ ಹಿಂಡಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತಿಕ್ಕಿ ಬೆಳಗಿದ್ದಾರೆ. ಮದುವೆ ಮನೆಯ ಪಾತ್ರೆಯ ಹಾಗೆ ಫಳಫಳ ಹೊಳೆಯುತ್ತಿತ್ತು.

"ಏನು ಮಾರಾಯ್ತಿ, ನಮ್ಮ ಮನೆಯಿಂದ ಪರದೇಶಕ್ಕೆ ಹೋಗುವ ಸಾಮಾನು, ಹಾಗೆ ಕಿಲುಬು ಹಿಡಿಸಿ ಇಡುವುದಾ?" ಎಂದು ಶಾಹಿದಕ್ಕ ನನ್ನನ್ನೇ ಗದರಿದರು. ಬೆರಳುಗಳು ಹುಳಿಗೆ ಬೆಳ್ಳಗಾಗಿ ಸುಕ್ಕುಗಟ್ಟಿದ್ದವು.

ಇವರು ಬಂದು ನೋಡಿದರು. ಬೊಬ್ಬೆ ಹಾಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸೀದಾ ಒಳಗೆ ಹೋಗಿ ಮಲಗಿದರು. ಮರುದಿನ ಬೆಳಿಗ್ಗೆ, "ಕೊಡುವುದಿಲ್ಲ, ಇನ್ನೊಮ್ಮೆ ಕಪ್ಪು ಮಾಡಿ ಕಳಿಸ್ತೇನೆ," ಎಂದರು.

ನನಗೆ ತಡೆಯಲಾಗಲಿಲ್ಲ. "ಇನ್ನೆರಡು ವರ್ಷವಾ? ಆ ಮುದುಕರು ನಿಮ್ಮ ಕಪ್ಪಿಗೆ ಕಾಯ್ತಾ ಜೀವ ಹಿಡಿದುಕೊಳ್ಳಬೇಕಾ?" ಎಂದೆ. ಹನ್ನಾಳ ಕಾರು ಬಂದಾಗ ಪೆಟ್ಟಿಗೆಯನ್ನು ನಾನೇ ಎತ್ತಿ ಅವಳ ಕೈಗೆ ಕೊಟ್ಟೆ. ಆಮೇಲೆ ಹತ್ತು ದಿನ ಇವರು ನನ್ನ ಹತ್ತಿರ ಹ್ಞೂಂ, ಹ್ಞಾಂ ಬಿಟ್ಟು ಮಾತಾಡಲಿಲ್ಲ. ಮೇಜು ಪೂರಾ ಖಾಲಿ ಇತ್ತು, ಆದರೂ ಇವರು ಅರ್ಧದಲ್ಲೇ ಉಂಡರು.

ಹನ್ನೊಂದನೆಯ ದಿನ ವಿಡಿಯೋ ಕರೆ ಬಂತು. ಶಾಹಿದಕ್ಕ ಒಳ್ಳೆಯ ಸೀರೆಯುಟ್ಟು ತಮ್ಮನ ಪಕ್ಕದಲ್ಲೇ ಕೂತರು. ಪರದೆಯಲ್ಲಿ ವೆರ್ನರ್ ಸಾಹೇಬರು ದಿಂಬಿಗೆ ಒರಗಿದ್ದರು, ಎದುರಿಗೆ ಮೇಜಿನ ಮೇಲೆ ಇಂಜಿನು, ಕೈಯಲ್ಲಿ ಭೂತಗನ್ನಡಿ. ನಿಧಾನದ ಇಂಗ್ಲಿಷಿನಲ್ಲಿ ಮಾತಾಡಿದರು. ಚಕ್ರ ಸರಿ ಇದೆ. ರಿವಿಟು ಎಣಿಸಿದೆ, ಸರಿ ಇದೆ. ಕಿಟಕಿಯಿಂದ ಕುರ್ಚಿಯನ್ನೂ ನೋಡಿದೆ. ಇವರು ಪರದೆಯತ್ತ ಇನ್ನಷ್ಟು ಬಾಗಿದರು. ಚೆನ್ನಾಗಿದೆ ಎಂಬ ಆ ಮಾತು ಈಗ ಬರುತ್ತದೆಂದು ನನಗೂ ಅನಿಸಿತು.

"ಆದರೆ ಇದನ್ನು ಹೀಗೆ ಉಜ್ಜಿ ಹಾಳು ಮಾಡಿದ್ದು ಯಾರು?" ಎಂದರು ಸಾಹೇಬರು. "ತಿಳಿದವನು ಹೀಗೆ ಮಾಡುವುದಿಲ್ಲ."

ಸತ್ಯ ಹೇಳಲು ನಾನು ಬಾಯಿ ತೆರೆದೆ. ಇಂಗ್ಲಿಷ್ ಬಾರದ ಶಾಹಿದಕ್ಕ ಪರದೆ ನೋಡಿ ನಗುತ್ತಾ ಕೂತಿದ್ದರು. ಇವರು ನನ್ನ ಕಡೆ ಒಮ್ಮೆ ನೋಡಿದರು, ನಾನು ಬಾಯಿ ಮುಚ್ಚಿದೆ.

"ನಾನೇ ಉಜ್ಜಿದ್ದು ಸರ್," ಎಂದರು ಇವರು. "ನನ್ನದೇ ತಪ್ಪು."

ಸಾಹೇಬರು ಭೂತಗನ್ನಡಿ ಕೆಳಗಿಟ್ಟು, ದಣಿವಾಗಿದೆ ಎಂದರು. ಕರೆ ಮುಗಿಯಿತು. ಅಳತೆಯಲ್ಲಿ ಕೂದಲೆಳೆಯಷ್ಟು ಸುಳ್ಳನ್ನೂ ಸಹಿಸದ ಈ ಮನುಷ್ಯನ ಮೇಲೆ ಹನ್ನೊಂದು ವರ್ಷದ ಸಿಟ್ಟು ನನಗೆ. ಅದರಷ್ಟೇ ಪ್ರೀತಿ ಆ ಕ್ಷಣದಲ್ಲಿ ಬಂತು.

"ಏನು ಹೇಳಿದರು?" ಎಂದು ಕೇಳಿದರು ಶಾಹಿದಕ್ಕ.

"ಚಂದ ಉಂಟು ಅಂದ್ರು ಅಕ್ಕ. ಹೊಳಪು ನೋಡಿ ಬಹಳ ಖುಷಿಯಾಯಿತಂತೆ."

ಶಾಹಿದಕ್ಕ ನನ್ನ ಕಡೆ ತಿರುಗಿದರು. "ನೋಡಿದಿಯಾ ಜುಲೈಕಾ? ಇವನು ಇಟ್ಟ ಹಾಗೇ ಕಪ್ಪಾಗಿ ಕಳಿಸಿದ್ದರೆ ಮರ್ಯಾದೆ ಹೋಗ್ತಿತ್ತು."

"ಹೌದಕ್ಕ," ಎಂದೆ.