ಗೌರಿ ಬಾಗಿನ ಗಡಿ ದಾಟಿದ್ದು

ಬೆಳಿಗ್ಗೆ ಮೊದಲನೇ ಬಸ್ಸಿಗೆ ಹನೂರು ಬಿಟ್ಟಾಗ ನನ್ನ ಮೇಲೆ ನಂಬಿಕೆ ಇಟ್ಟಿದ್ದೋರು ಊರಲ್ಲಿ ಒಬ್ಬರೂ ಇರಲಿಲ್ಲ. ಹೆತ್ತ ತಾಯಿಗೇ ಇರಲಿಲ್ಲ ಅಂದ್ಮೇಲೆ ಬೇರೆಯವರ ಮಾತು ಯಾಕೆ. ಕೈಗೆ ತಿನ್ನೋ ಪದಾರ್ಥ ಕೊಟ್ಟು ಕಳಿಸಿದರೆ ಬುಟ್ಟಿ ಮಾತ್ರ ತಲುಪಿಸಿ, ದಾರೀಲಿ ಕೋತಿ ಕಿತ್ತುಕೊಂಡ್ವು ಅನ್ನೋನು ಅಂತ ನನ್ನ ಹೆಸರು ನಿಂತುಬಿಟ್ಟಿತ್ತು. ಆದರೂ ಕಳಿಸಿದರು. ಅಪ್ಪನಿಗೆ ಮಂಡಿನೋವು, ಮನೇಲಿ ಇನ್ನೊಬ್ಬ ಮಗ ಇರಲಿಲ್ಲ.

ನನ್ನ ತಲೆ ಮೇಲಿದ್ದದ್ದು ಗೌರಿ ಬಾಗಿನ. ಅಕ್ಕ ಸಿದ್ದಮ್ಮನ್ನ ಯಳಂದೂರು ಪಕ್ಕದ ಹೊನ್ನೂರಿಗೆ ಕೊಟ್ಟು ಇನ್ನೂ ವರ್ಷ ತುಂಬಿಲ್ಲ. ಇದು ಅವಳ ಮೊದಲನೇ ಗೌರಿ. ಮದುವೆ ಚಪ್ಪರದಲ್ಲೇ ಅವಳ ಅತ್ತೆ ನಾಲ್ಕು ಜನದ ಎದುರಿಗೆ ಒಂದು ಮಾತು ಬಿಟ್ಟಿದ್ದರು: ಒಣ ಸೀಮೆಯೋರು, ಮೊದಲನೇ ಗೌರಿಗೆ ತವರಿಂದ ಏನು ಬತ್ತದೋ ನೋಡೋಣ ಅಂತ. ಹೊನ್ನೂರು ಭತ್ತದ ಸೀಮೆ. ನಮ್ಮದು ಮಳೆ ನೆಚ್ಚಿದ ರಾಗಿ ಹೊಲ. ಆ ಮಾತು ನಮ್ಮವ್ವನಿಗೆ ಕಾಲಿಗೆ ಮುರಿದ ಮುಳ್ಳಿನ ಹಾಗೆ ಒಳಗೇ ಕೂತಿತ್ತು. ಬಾಗಿನ ಸರಿಯಾಗಿ ಹೋದರೆ ಅಕ್ಕ ಆ ಮನೇಲಿ ತಲೆ ಎತ್ತಿ ನಡೀತಾಳೆ. ಇಲ್ಲದಿದ್ದರೆ ಇನ್ನು ಪ್ರತಿ ಗೌರಿಗೂ ಅದೇ ಮಾತು ಕೇಳಬೇಕು.

ಅವ್ವ ಮೇದರಟ್ಟಿಯಿಂದ ಹೊಸ ಮೊರದ ಜೋಡಿ ತಂದು, ಅರಿಶಿನ ಬಳಿದು, ಬಿಸಿಲಿಗಿಟ್ಟು ಕಾವಲು ಕೂತಿದ್ದಳು. ಕಾಗೆಗಲ್ಲ ಕಾವಲು, ನನಗೆ. ತುಂಬೋ ದಿನ ಅಪ್ಪನ್ನೂ ನನ್ನೂ ಆಚೆಗೆ ಅಟ್ಟಿ ಬಾಗಿಲು ಹಾಕಿಕೊಂಡಳು. ನಾನು ಬಾಗಿಲಿಗೆ ಕಿವಿ ಕೊಟ್ಟೆ. ಬಳೆ ಸದ್ದು ಬಂತು, ಕಾಳು ಸುರಿಯೋ ಸದ್ದು ಬಂತು, ಆಮೇಲೆ ಬಾಗಿಲೇ ಮೂಗಿಗೆ ಬಂತು. ಅವ್ವ ಒಂದು ಮೊರದ ಮೇಲೆ ಇನ್ನೊಂದು ಕವುಚಿ, ಅರಿಶಿನದ ದಾರ ಸುತ್ತಿ, ತನ್ನದೇ ಒಂದು ಗಂಟು ಹಾಕಿದ್ದಳು.

"ನೆಲಕ್ಕೆ ಇಡ್ಬ್ಯಾಡ. ಬಿಚ್ಬ್ಯಾಡ. ಇದು ನನ್ ಗಂಟು ಕಣ್ಲಾ, ಸಿದ್ದಿಗೆ ಗೊತ್ತಾಯ್ತದೆ," ಅಂದಳು.

ಒಳಗೇನಿದೆ ಅಂತ ಕೇಳಿದೆ. ಬಾಗಿನದಲ್ಲಿ ಏನಿರ್ತದೋ ಅದೇ ಅದೆ ಅಂತ ಮುಖ ತಿರುಗಿಸಿದಳು. ಆಗಲೇ ನನಗೆ ಗುಮಾನಿ ಬಂತು.

ಹನೂರಿಂದ ಕೊಳ್ಳೇಗಾಲಕ್ಕೆ ಹದಿನಾರು ಮೈಲಿ, ಬಸ್ ಚಾರ್ಜು ಆರಾಣೆ. ಯುದ್ಧದಿಂದಾಗಿ ಪೆಟ್ರೋಲಿಲ್ಲ, ಬಸ್ಸು ಇದ್ದಿಲಿನದು. ಕ್ಲೀನರು ಹಿಂದೆ ನಿಂತು ಒಲೆಗೆ ಗಾಳಿ ಹಾಕೋ ಚಕ್ರ ತಿರುಗಿಸಿ ತಿರುಗಿಸಿ ಬೆವತ ಮೇಲೆ ಅದು ಒಂದು ಸಲ ಕೆಮ್ಮಿ, ಮನಸ್ಸಿದ್ದರೆ ಹೊರಡ್ತಿತ್ತು. ಬಾಗಿನಾನ ಬಸ್ಸಿನ ಮೇಲೆ ಹಾಕು ಅಂದ ಕಂಡಕ್ಟರು. ಆಗಲ್ಲ ಅಂದೆ. ಕೆಳಗಿಡು ಅಂದ. ಅದೂ ಆಗಲ್ಲ ಅಂದೆ. ಹಂಗಾರೆ ಅದಕ್ಕೂ ಟಿಕೀಟು ತಕೋ ಅಂದ. ಕಡೆಗೆ ತೊಡೆ ಮೇಲಿಟ್ಟುಕೊಂಡು ಕೂತೆ. ದಿಬ್ಬ ಬಂದಾಗೆಲ್ಲ ಗಂಡಸರು ಇಳಿದು ಬಸ್ಸು ನೂಕಬೇಕು. ಎಲ್ಲರೂ ಎರಡು ಕೈಲಿ ನೂಕಿದರು, ನಾನು ಬಾಗಿನ ತಲೆ ಮೇಲೆ ಹೊತ್ತು ಬೆನ್ನಲ್ಲಿ ನೂಕಿದೆ. ಬಸ್ಸು ಹೊರಟುಹೋಯ್ತು, ನಾನು ಅಂಗಾತ ಬಿದ್ದೆ. ಬಾಗಿನ ಮಾತ್ರ ಎದೆ ಮೇಲೇ ಇತ್ತು, ನೆಲ ಮುಟ್ಟಲಿಲ್ಲ. ಇದನ್ನ ನೋಡೋಕೆ ಅವ್ವ ಇರಲಿಲ್ಲವಲ್ಲ ಅಂತ ಈಗಲೂ ಕೊರಗು.

ಕೊಳ್ಳೇಗಾಲ ತಲುಪೋ ಹೊತ್ತಿಗೆ ತುಂತುರು ಹಿಡಿದಿತ್ತು. ಬಸ್‌ಸ್ಟಾಂಡಿನ ತುಂಬ ನನ್ನಂಥ ತಮ್ಮಂದಿರು, ಅಣ್ಣಂದಿರು. ಎಲ್ಲರ ಕೈಲೂ ಅದೇ ಅರಿಶಿನದ ಮೊರ, ಅದೇ ದಾರ. ಇವರಲ್ಲಿ ಯಾರಾದರೂ ಅದಲು ಬದಲು ಮಾಡಿದರೆ ಗತಿಯೇನು ಅಂತ ಹೆದರಿ, ಹೋಟ್ಲಲ್ಲಿ ಬಾಗಿನ ತಬ್ಬಿಕೊಂಡೇ ದೋಸೆ ತಿಂದೆ. ಚಟ್ನಿ ಅರ್ಧ ಷರಟಿಗೆ ಹೋಯ್ತು. ಪಕ್ಕದ ಟೇಬಲ್ಲಿನ ಇನ್ನೊಬ್ಬ ತಮ್ಮನೂ ತಬ್ಬಿಕೊಂಡೇ ತಿಂತಿದ್ದ, ನನ್ನನ್ನೇ ದುರುಗುಟ್ಟಿ ನೋಡ್ತಿದ್ದ.

ಯಳಂದೂರಿನ ಬಸ್ಸಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಮಾಟ ಮಂತ್ರಕ್ಕೆ ಹೆಸರಾದ ಕೊಳ್ಳೇಗಾಲದಿಂದ ಅರಿಶಿನ ಬಳಿದ ಗಂಟು ಹಿಡಿದು, ಮುಖಕ್ಕೆ ಇದ್ದಿಲ ಮಸಿ ಮೆತ್ತಿಕೊಂಡು ಹತ್ತಿದೋನ ಪಕ್ಕ ಯಾರು ತಾನೆ ಕೂರ್ತಾರೆ? ಬಾಗಿನದೋರು ಇನ್ನಿಬ್ಬರಿದ್ದರು, ಅವರ ಮುಖ ತೊಳೆದಿತ್ತು, ಜಾಗ ಸಿಕ್ಕಿತು. ಕಡೆಗೆ ಕೊಡೆ ಹಿಡಿದ ಒಬ್ಬರು ಮಾತ್ರ ಬಂದು ನನ್ನ ಪಕ್ಕ ಕೂತರು. ಬಿಳಿ ಪಂಚೆ, ಅಚ್ಚುಕಟ್ಟಾದ ಮೀಸೆ, ಮಾತಲ್ಲಿ ತಮಿಳಿನ ರಾಗ. ಇವರು ಯಾಕೆ ಹೆದರಲಿಲ್ಲ ಅಂತ ನನಗೆ ಅನುಮಾನ. ಬಾಗಿನ ಕಿಟಕಿ ಕಡೆಗೆ ಸರಿಸಿಕೊಂಡೆ.

"ಏನ್ ತಂಬಿ, ಭಾರಾನಾ?" ಅಂದರು.

ಇಲ್ಲಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರ್ತಿರಲಿಲ್ಲ. ಆದರೆ ಅಕ್ಕನ ಅತ್ತೆ ಆಡಿದ ಮಾತು ನನಗೂ ಚುಚ್ಚಿತ್ತಲ್ಲ. ಗುರುತಿಲ್ಲದೋರ ಎದುರಿಗಾದರೂ ತವರು ಮನೆ ದೊಡ್ಡದು ಮಾಡೋಣ ಅಂತ, ಬರೀ ಸಣ್ಣಕ್ಕಿ ಸಾ, ಐದು ಸೇರಾದರೂ ಇರ್ತದೆ, ನಮ್ಮನೇಲಿ ಅಕ್ಕಿಗೇನು ಬರ ಅಂದೆ. ಅವರು ತಲೆ ಆಡಿಸಿದರು. ಪಾಪ, ಒಳ್ಳೆಯ ಕೇಳುಗರು ಅಂತ ಐದು ಸೇರನ್ನ ಅರ್ಧ ಪಲ್ಲದವರೆಗೂ ಬೆಳೆಸೋನಿದ್ದೆ. ಅಷ್ಟರಲ್ಲಿ ಬಸ್ಸು ನಿಂತಿತು.

ಹನೂರು, ಕೊಳ್ಳೇಗಾಲ ಮದ್ರಾಸ್ ಸರ್ಕಾರಕ್ಕೆ ಸೇರಿದ್ದು, ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ನಡುವೆ ರಸ್ತೆಗೆ ಅಡ್ಡಲಾಗಿ ಒಂದು ಬಿದಿರು ಗಳ. ಈ ಧಾನ್ಯದ ಕಂಟ್ರೋಲು ಬಂದಾಗಿಂದ ಪರ್ಮಿಟ್ ಇಲ್ಲದೆ ಹಿಡಿ ಅಕ್ಕಿಯೂ ಆ ಗಳ ದಾಟೋ ಹಾಗಿಲ್ಲ, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ನನ್ನ ಕೇಳುಗರು ಮೊದಲು ಇಳಿದು ಕೊಡೆ ಬಿಚ್ಚಿದರು. ಕಟ್ಟೆ ಮೇಲೆ ಕೂತಿದ್ದ ಕಾವಲಿನೋರೆಲ್ಲ ದಡಬಡ ಎದ್ದು ಸಲಾಮು ಹೊಡೆದರು. ಅವರೇ ಅಲ್ಲಿನ ಸಾಹೇಬರು.

"ಆ ಸಣ್ಣಕ್ಕಿ ತಂಬೀನ ಇಳಿಸಿ," ಅಂದರು.

ನಾನು ಬಾಗಿನ ತಬ್ಬಿಕೊಂಡು ಸೀಟಿಗೆ ಅಂಟಿಕೊಂಡೆ, ಕಾವಲಿನೋರೇ ಇಳಿಸಿದರು. ಸಾಹೇಬರು ಬಿಚ್ಚು ಅಂದರು. ಬಿಚ್ಚಿದರೆ ಅವ್ವನ ಗಂಟು ಹೋಗ್ತದೆ, ಬಿಚ್ಚದಿದ್ದರೆ ಬಾಗಿನವೇ ಹೋಗ್ತದೆ. ಕಡೆಗೆ ಸಾಹೇಬರೇ ಗಂಟಿಗೆ ಕೈ ಹಾಕಿದರು. ಬಸ್ಸಿನ ಕಿಟಕಿಯಿಂದ ಒಬ್ಬರು ಅಜ್ಜಿ ತಲೆ ಹಾಕಿದರು. ಇಡೀ ದಾರಿ ನನ್ನನ್ನ ಮಾಟಗಾರ ಅಂತ ಸೆರಗು ಮುಚ್ಚಿಕೊಂಡು ನೋಡ್ತಿದ್ದೋರು ಅವರೇ.

"ಮುತ್ತೈದೆ ಬಾಗಿನ ಕಣಪ್ಪ, ಗಂಡಸು ಬಿಚ್ಬಾರ್ದು," ಅಂದರು ಅಜ್ಜಿ. "ನಿಮ್ಮನೇಲಿ ಅಕ್ಕತಂಗೀರು ಇಲ್ವಾ?"

ಸಾಹೇಬರು ಗಂಟಿನ ಮೇಲಿಟ್ಟ ಕೈ ತೆಗೆದರು. ಇಲ್ಲೇ ನನಗೆ ಅವರ ಮೇಲೆ ಮರ್ಯಾದೆ ಬಂತು, ಆದರೆ ಬಹಳ ಹೊತ್ತು ಉಳಿಯಲಿಲ್ಲ. ಮೂಟೆಗೆ ಚುಚ್ಚಿ ಕಾಳು ತೆಗೆಯೋ ಕಬ್ಬಿಣದ ಕೊಳವೆ ತರಿಸಿದರು. ಬಿಚ್ಚಲ್ಲಮ್ಮ, ಬರೀ ಚುಚ್ತೀನಿ ಅಂತ ಅಜ್ಜಿಗೆ ಸಮಾಧಾನ ಹೇಳಿ, ಮೊರದ ಬಿದಿರಿನ ಸಂದಿಗೆ ಅದನ್ನ ತೂರಿಸಿ ಎಳೆದು, ಅಂಗೈಗೆ ಬಗ್ಗಿಸಿದರು.

ಬಿದ್ದದ್ದು ರಾಗಿ.

ಸಾಹೇಬರು ಅಂಗೈ ನೋಡಿದರು, ನನ್ನ ಮುಖ ನೋಡಿದರು. "ಇದಾ ತಂಬಿ ನಿನ್ನ ಸಣ್ಣಕ್ಕಿ?"

ಇಡೀ ಬಸ್ಸು ನಕ್ಕಿತು. ಅಜ್ಜಿಯೂ ನಕ್ಕರು. ರಾಗಿಗೂ ಏನಾದರೂ ಕಾನೂನು ಇತ್ತೋ ಏನೋ, ಸಾಹೇಬರಿಗೆ ನಗೋ ಭರದಲ್ಲಿ ನೆನಪಾಗಲಿಲ್ಲ. ಬೆನ್ನು ತಟ್ಟಿ ಬಿಟ್ಟುಬಿಟ್ಟರು. ನಿಜವಾಗಿ ಅಕ್ಕಿ ತಂದಿದ್ದ ಆ ಇನ್ನಿಬ್ಬರು ಬಾಗಿನದೋರು ಮಾತ್ರ ಗಳದ ಪಕ್ಕದಲ್ಲೇ ಉಳಿದರು. ನನ್ನ ಬಾಗಿನ ರಾಜಮರ್ಯಾದೆಯಲ್ಲಿ ಮೈಸೂರು ಸೀಮೆಗೆ ಬಂತು.

ಯಳಂದೂರಲ್ಲಿ ಇಳಿದು ಹೊನ್ನೂರಿಗೆ ನಡೆದೆ. ಆ ದಾರಿ ಉದ್ದಕ್ಕೂ ಎರಡು ಕಡೆ ಗದ್ದೆ, ಹೊಸ ನಾಟಿ, ಕಾಲುವೆ ತುಂಬ ನೀರು, ತೆಂಗು. ಎಲ್ಲ ನನ್ನ ತಲೆ ಮೇಲಿನ ರಾಗೀನ ನೋಡಿ ಹಲ್ಲು ಕಿರಿದಂಗಿತ್ತು. ಬಾಗಿನಕ್ಕೆ ಯಾರಾದರೂ ರಾಗಿ ಹಾಕ್ತಾರಾ? ಅವ್ವ ಬಾಗಿಲು ಹಾಕಿಕೊಂಡಿದ್ದು ಇದಕ್ಕೇ. ಕಂಟ್ರೋಲು ಡಿಪೋದಿಂದ ತಂದ ಅಕ್ಕಿ ಮನೇಲಿತ್ತಲ್ಲ, ಅದೆಲ್ಲಿ ಹೋಯ್ತು? ನಾವೇ ಮೂಗು ಮುಚ್ಚಿಕೊಂಡು ಉಂಡಿದ್ದು ನೆನಪಾಯ್ತು. ಯಳಂದೂರಿಗೆ ವಾಪಸ್ ಹೋಗಿ ಹೆಂಗಾದರೂ ಅಕ್ಕಿ ಸಂಪಾದಿಸಿ ತುಂಬಿಬಿಡಲಾ ಅಂತಲೂ ಯೋಚಿಸಿದೆ. ಆದರೆ ಆ ಗಂಟು ಬಿಚ್ಚಿದರೆ ಮತ್ತೆ ಹಾಕೋಕೆ ನನಗೆ ಬರಲ್ಲ. ಅವ್ವ ನನ್ನನ್ನ ಚೆನ್ನಾಗಿ ಬಲ್ಲಳು.

ಅಕ್ಕನ ಅತ್ತೆ ಜಗಲಿ ಮೇಲೇ ಕೂತಿದ್ದರು. ನನಗೆ ನೀರು ಕೊಡೋಕೆ ಮುಂಚೆ ಬಾಗಿನದ ಸುತ್ತ ಕೈಯಾಡಿಸಿದರು. ಬೆರಳು ಸರಿಯಾಗಿ ಆ ತೂತಿನ ಮೇಲೆ ನಿಂತಿತು.

"ಇದೇನ್ಲಾ ಮೊಗ, ತೂತು? ದಾರೀಲಿ ಬೆಲ್ಲ ಎಳ್ಕಂಡು ತಿಂದ್ಯಾ?"

ಗಡಿಯಲ್ಲಿ ಚುಚ್ಚಿದರು ಅಂದೆ. ಅತ್ತೆ ನಂಬಲಿಲ್ಲ. ಬಾಗಿಲಿಗೆ ಬಂದ ಅಕ್ಕನ್ನ ನೋಡಿದೆ, ಅವಳೂ ನಂಬಲಿಲ್ಲ. ಅವಳು ಬಗ್ಗಿ ಗಂಟು ನೋಡಿದಳು, ಹೆಬ್ಬೆರಳಲ್ಲಿ ಸವರಿದಳು, ನಮ್ಮವ್ವಂದೇ ಅಂದಳು. ಅವಳ ಮುಖ ಎಷ್ಟು ಅರಳಿತು ಅಂದರೆ ಒಳಗಿರೋದನ್ನ ಹೇಳದೆ ನಾನು ಕಾಲು ತೊಳೆಯೋಕೆ ಹೋದೆ. ಆ ರಾತ್ರಿ ಊಟ ಸೇರಲಿಲ್ಲ. ಮೂರನೇ ಸಲ ಬಡಿಸಿದಾಗ ಬೇಡ ಅಂದುಬಿಟ್ಟೆ.

ಹಬ್ಬದ ಬೆಳಿಗ್ಗೆ ಬೀದಿ ಹೆಂಗಸರೆಲ್ಲ ಹೊಸ ಬಳೆ ತೊಟ್ಟು ಕಾಲುವೆಗೆ ಹೋಗಿ, ಮರಳಲ್ಲಿ ಗೌರಿ ಮಾಡಿ, ತಟ್ಟೇಲಿಟ್ಟುಕೊಂಡು ಸೋಬಾನೆ ಹೇಳಿಕೊಂಡು ಬಂದರು. ಅಕ್ಕ ಮುಂದಿದ್ದಳು. ಪೂಜೆ ಆಯ್ತು, ಕೈಗೆ ಅರಿಶಿನದ ದಾರ ಕಟ್ಟಿದ್ದಾಯ್ತು. ನಮ್ಮವ್ವನ ಬದಲು ಅತ್ತೆಯೇ ನಿಂತು ಬಾಗಿನ ಕೊಟ್ಟರು, ಅಕ್ಕ ಸೆರಗು ಒಡ್ಡಿ ತಕಂಡಳು. ಆಮೇಲೆ ಬೀದಿ ಹೆಂಗಸರ ನಡುವೆ ಕೂತು ಗಂಟು ಬಿಚ್ಚಿದಳು. ನಾನು ಕಂಬದ ಹಿಂದೆ ಹೋಗಿ ನಿಂತೆ.

ಬಳೆ, ಬಿಚ್ಚೋಲೆ, ಬಾಚಣಿಗೆ, ಕನ್ನಡಿ, ರವಿಕೆ ಕಣ, ಬೆಲ್ಲದ ಅಚ್ಚು, ಕಾಯಿ. ಅಕ್ಕಿ ಇರಬೇಕಾದ ಕಡೆ ಕೆಂಪಗೆ ರಾಗಿ. ಪಿಸುಪಿಸು ಎದ್ದಿತು. ಅತ್ತೆ ಒಂದು ಹಿಡಿ ತಕಂಡು ಅಂಗೈಲಿ ಉಜ್ಜಿ, ಊದಿ, ಅಕ್ಕನ ಕಡೆ ನೋಡಿದರು. ಅಕ್ಕಿ ಎಲ್ಲವ್ವ ಅಂತ ಕೇಳಿದರು.

ಅಕ್ಕ ತಲೆ ತಗ್ಗಿಸ್ತಾಳೆ ಅಂದುಕೊಂಡಿದ್ದೆ. ಅವಳು ತಗ್ಗಿಸಲಿಲ್ಲ.

"ಕಂಟ್ರೋಲ್ ಅಕ್ಕೀನ ನಮ್ಮವ್ವ ಗೌರಿ ಮುಂದೆ ಇಡಾಕಿಲ್ಲ ಅತ್ತೆ," ಅಂದಳು. "ಎಲ್ಲಿ ಬೆಳೆದದ್ದೋ, ಯಾವ ಗೋಡೌನಲ್ಲಿ ಕೊಳೆತದ್ದೋ. ಇದು ನಮ್ಮೊಲದ್ದು. ಕೇರಿ ಆರ್ಸಿ ಕಳ್ಸವ್ಳೆ, ಒಂದ್ ಕಲ್ಲು ತೋರ್ಸಿ."

ಅತ್ತೆ ಸುಮ್ಮನೆ ಬಿಡೋ ಪೈಕಿ ಅಲ್ಲ. ರಾಗಿ ಹರಡಿ ಕಲ್ಲು ಹುಡುಕಿದರು. ಬೀದಿ ಹೆಂಗಸರೂ ಬಗ್ಗಿ ಹುಡುಕಿದರು. ಕಂಬದ ಹಿಂದಿಂದ ನಾನೂ ಕತ್ತು ಚಾಚಿ ಹುಡುಕಿದೆ. ಒಂದೂ ಸಿಗಲಿಲ್ಲ. ಕಡೆಗೆ ಅತ್ತೆ ಕೈ ಒದರಿ, ಗೌರಿ ಮುಂದೆ ಇಡು, ನಾಳೀಕೆ ಮುದ್ದೆ ಮಾಡು, ರುಚಿ ನೋಡಾನ ಅಂದರು. ಇದು ಮೆಚ್ಚುಗೆಯೋ ಬೆದರಿಕೆಯೋ ನನಗೆ ಗೊತ್ತಾಗಲಿಲ್ಲ. ಮಾರನೇ ದಿನ ಗಣೇಶನ ಕಡುಬಿನ ಪಕ್ಕದಲ್ಲಿ ಮುದ್ದೆಯೂ ಬಂತು. ಅತ್ತೆ ಮಾತಿಲ್ಲದೆ ಎರಡು ಮುದ್ದೆ ನುಂಗಿದರು. ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಹೊರಡೋ ದಿನ ಅತ್ತೆ ನನ್ನನ್ನ ಆಚೆಗೆ ಅಟ್ಟಿ ಬಾಗಿಲು ಹಾಕಿಕೊಂಡರು. ಅದೇ ಸದ್ದು, ಕಾಳು ಸುರಿಯೋದು. ಅದೇ ಮೊರ ಮತ್ತೆ ನನ್ನ ತಲೆ ಮೇಲೆ ಬಂತು, ಬಂದಾಗಿನದಕ್ಕಿಂತ ಭಾರ. ಮೇಲೆ ಬೇರೆ ಗಂಟು.

"ತವರಿನ ಮೊರ ಬರಿದಾಗಿ ಓಗ್ಬಾರ್ದು," ಅಂದರು. "ಹಳೇ ಸಣ್ಣಕ್ಕಿ ಕಣ್ಲಾ. ಇದು ಕಂಟ್ರೋಲಿಂದಲ್ಲ, ಮೂಸಿ ನೋಡ್ಲಿ ಅನ್ನು ನಿಮ್ಮವ್ವಂಗೆ. ಬಿಚ್ಬ್ಯಾಡ, ಗಂಟು ನನ್ದು."

ಗಡಿ ಇದೆಯಲ್ಲ ಅತ್ತೆ ಅಂದೆ. ಗಡಿ ಗಂಡಸರು ಮಾಡಿದ್ದು, ನೀನು ನಡಿ ಅಂದರು.

ಬಿದಿರು ಗಳದ ಹತ್ತಿರ ಬಸ್ಸು ನಿಂತಾಗ ನಾನು ಬಾಗಿನದ ಮೇಲೆ ಕವುಚಿಕೊಂಡು ಕೂತೆ. ಕೊಡೆ ಸಾಹೇಬರು ಕಿಟಕಿ ಹತ್ತಿರ ಬಂದು ನನ್ನ ಗುರುತು ಹಿಡಿದರು. ಮೀಸೆ ಅಡಿಯಲ್ಲೇ ನಗು ಶುರುವಾಯ್ತು. ಏನ್ ತಂಬಿ, ವಾಪಸ್ ಕಳಿಸಿಬಿಟ್ಟರಾ, ಒಳಗೇನು ಅಂದರು. ಒಂದು ಸಲ ಸುಳ್ಳು ಹೇಳಿ ಮಾನ ಕಳಕೊಂಡಿದ್ದೆ. ಈ ಸಲ ಏನಾದರಾಗಲಿ ಅಂತ ನಿಜ ಹೇಳಿಬಿಟ್ಟೆ.

"ಸಣ್ಣಕ್ಕಿ ಸಾ."

ಸಾಹೇಬರು ಕೊಡೆ ಊರಿಕೊಂಡು ನಕ್ಕರು. ಕಟ್ಟೆ ಮೇಲಿದ್ದೋರನ್ನ ಕೂಗಿ, ಸಣ್ಣಕ್ಕಿಯಂತೆ ಕೇಳ್ರಪ್ಪಾ ಅಂದರು. ಎಲ್ಲರೂ ನಕ್ಕರು. ಗಳ ಮೇಲಕ್ಕೆದ್ದಿತು. ನಾನು ಬಾಗಿನ ತಬ್ಬಿಕೊಂಡು ಹಿಂದಿರುಗಿ ನೋಡಿದೆ. ಅವರು ಇನ್ನೂ ಕಣ್ಣು ಒರೆಸಿಕೊಳ್ತಾ ಕೈ ಬೀಸ್ತಿದ್ದರು.

ಮನೇಲಿ ಅವ್ವ ಬಾಗಿಲಲ್ಲೇ ಕಾದಿದ್ದಳು. ನಡೆದದ್ದೆಲ್ಲ ಒಂದೂ ಬಿಡದೆ ಹೇಳಿದೆ. ಅವಳು ಗಂಟು ನೋಡಿದಳು, ತೂತು ನೋಡಿದಳು, ಬಿಚ್ಚಿ ಒಂದು ಹಿಡಿ ಅಕ್ಕಿ ಎತ್ತಿ ಮೂಸಿದಳು. ಬಹಳ ಹೊತ್ತು ಮೂಸಿದಳು.

"ಅವ್ರ್ ಕಳ್ಸಿದ್ದು ಇಷ್ಟೇನಾ?" ಅಂದಳು. "ದಾರೀಲಿ ಕೋತಿ ಗೀತಿ ಬಂದಿತ್ತಾ?"