ಹತ್ತೊಂಬತ್ತನೆಯ ಕಂತು

ಹತ್ತೊಂಬತ್ತನೆಯ ಕಂತನ್ನು ಬಿಟ್ಟು ನೋಡಿದರೂ ಏನೂ ನಷ್ಟವಿಲ್ಲ ಎಂದು ಯಾರೋ ಪುಣ್ಯಾತ್ಮ ಬರೆದಿದ್ದಾನೆ. ಪಕ್ಕದ ಮನೆಯ ಹುಡುಗಿ ಅದನ್ನು ಮೊಬೈಲಿನಲ್ಲಿ ಓದಿ ಹೇಳಿದಳು. ಅವಳು ದಿನಾ ಮಂಜೇಶ್ವರದಲ್ಲಿ ರೈಲು ಹತ್ತಿ ಮಂಗಳೂರಿನ ಕಾಲೇಜಿಗೆ ಹೋಗುವವಳು. ಹೋಗುವಾಗಲೂ ಬರುವಾಗಲೂ ಜಪಾನಿನ ಕಾರ್ಟೂನು ನೋಡುತ್ತಾಳೆ. ಕಾರ್ಟೂನು ಅಂದರೆ ಮುಖ ಊದಿಸುತ್ತಾಳೆ, ಅನಿಮೆ ಅನ್ನಬೇಕಂತೆ. ವರ್ಕಾಡಿಯಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಅನಿಮೆಯ ಸುದ್ದಿ ಗೊತ್ತಿರುವುದೇ ಅವಳಿಗೆ ದೊಡ್ಡ ತಮಾಷೆ. ನಾನು ಹೇಳಿದ್ದು ಅವಳು ಕೇಳಿಯೇ ಇರದ ಹಳೆಯದೊಂದು. ಹುಡುಕಿ ತೆಗೆದು, ನೋಡಿದವರು ಬರೆದದ್ದನ್ನೆಲ್ಲ ಓದುತ್ತಾ ಹೋದಳು. ಬಹಳ ನಿಧಾನ. ಹೊಡೆದಾಟಕ್ಕಿಂತ ಅಡುಗೆಯೇ ಹೆಚ್ಚು. ಚಿತ್ರ ಬಿಡಿಸಿದವರು ನಿದ್ದೆಗಣ್ಣಿನಲ್ಲಿದ್ದರೋ ಏನೋ. ಹತ್ತೊಂಬತ್ತನೆಯದರಲ್ಲಂತೂ ಏನೂ ನಡೆಯುವುದೇ ಇಲ್ಲ.

"ಬರೆದವನ ತಲೆ!" ಎಂದೆ.

"ಎಂತ ಆಂಟಿ, ಒಂದು ಅನಿಮೆಗೆ ಇಷ್ಟು ಸಿಟ್ಟಾ?" ಎಂದು ಅವಳು ನಕ್ಕಳು.

ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಆದರೆ ಈ ಸಿಟ್ಟಿನ ಕಾರಣ ನಿಂತ ನಿಲುವಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದನ್ನು ನಮ್ಮ ಮನೆಗೆ ಕಳಿಸಿದ್ದು ನನ್ನ ತಮ್ಮ. ಅಪ್ಪ ಬೇಗ ತೀರಿಕೊಂಡ ಮನೆ ನಮ್ಮದು. ಅಮ್ಮ, ನಾನು, ಅವನು, ಮೂವರೇ. ಇಪ್ಪತ್ತು ತುಂಬುತ್ತಲೇ ಅವನು ಗಲ್ಫಿಗೆ ಹೋದ. ಮೀನು, ಮಾಂಸ ಇಡುವ ತಣ್ಣನೆಯ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಕೆಲಸ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಮಂಜುಗಡ್ಡೆ. ಇದು ಅವನು ಹೇಳಿದ್ದಲ್ಲ, ಅವನ ಜೊತೆ ರೂಮಿನಲ್ಲಿದ್ದ ಉಪ್ಪಳದವನು ಆಮೇಲೆ ಹೇಳಿದ್ದು.

ಗಲ್ಫಿನಲ್ಲಿ ಜನ ಇರುವ ಮನೆಗಳಲ್ಲಿ ಒಂದು ಕ್ರಮವಿದೆ. ಫೋನಿನಲ್ಲಿ ಕಷ್ಟ ಹೇಳಬಾರದು. ಇಲ್ಲಿಂದ ಹೇಳಿದರೆ ಅವರಿಗೆ ಅಲ್ಲಿ ಊಟ ಸೇರುವುದಿಲ್ಲ, ಅಲ್ಲಿಂದ ಹೇಳಿದರೆ ನಮಗೆ ಇಲ್ಲಿ ನಿದ್ದೆ ಬರುವುದಿಲ್ಲ. ಹಾಗಾಗಿ ಎರಡೂ ಕಡೆಯವರು "ಆರಾಮ" ಅನ್ನುವುದು. ಅಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಲಗೈ ಮುರಿದುಕೊಂಡಾಗ ಎರಡು ತಿಂಗಳು ಎಡಗೈಯಲ್ಲಿ ಫೋನು ಹಿಡಿದು "ಆರಾಮ ಮಗ" ಎಂದವರು. ಪ್ಲಾಸ್ಟರು ಬಿಚ್ಚಿದ ಮೇಲೂ ಅವನಿಗೆ ಹೇಳಲಿಲ್ಲ. ಇದನ್ನು ನಾವು ಸುಳ್ಳು ಎಂದುಕೊಂಡಿರಲಿಲ್ಲ, ಪ್ರೀತಿ ಎಂದೇ ತಿಳಿದಿದ್ದೆವು.

ಶುಕ್ರವಾರ ಅವನಿಗೆ ರಜೆ, ಬೆಳಿಗ್ಗೆ ಫೋನು ಬರುತ್ತಿತ್ತು. ಕಷ್ಟ ಹೇಳಬಾರದೆಂದ ಮೇಲೆ ಮಾತಾಡಲು ಉಳಿಯುವುದಾದರೂ ಏನು? ಮಳೆ ಬಂತಾ, ದನ ಕರು ಹಾಕಿತಾ, ಊಟ ಆಯ್ತಾ. ಎರಡೇ ನಿಮಿಷದಲ್ಲಿ ಎಲ್ಲ ಮುಗಿದು ಇಬ್ಬರೂ "ಮತ್ತೆಂತ?" "ಮತ್ತೆಂತ ಇಲ್ಲ" ಎನ್ನುತ್ತಾ ನಿಲ್ಲುತ್ತಿದ್ದೆವು. ಆ ಖಾಲಿ ಜಾಗಕ್ಕೆ ಅವನು ಈ ಅನಿಮೆಯನ್ನು ತಂದು ಹಾಕಿದ. ರೂಮಿನ ಕಂಪ್ಯೂಟರಿನಲ್ಲಿ ನೋಡಿದ್ದನಂತೆ. ಉಪ್ಪಳದವನು ರಜೆಗೆ ಬರುವಾಗ ಸಾಬೂನು, ಹಾಲಿನ ಪುಡಿ, ಅಮ್ಮನ ಗಂಟುನೋವಿಗೆ ಹಚ್ಚುವ ಮುಲಾಮಿನ ಜೊತೆ ನಾಲ್ಕು ಡಿವಿಡಿ ಕಳಿಸಿದ. ಯಾವುದರಲ್ಲಿ ಯಾವ ಕಂತು ಎಂದು ಅವನದೇ ಕೋಳಿಕಾಲಿನ ಅಕ್ಷರದಲ್ಲಿ ಬರೆದಿತ್ತು. ಒಟ್ಟು ಇಪ್ಪತ್ತನಾಲ್ಕು ಕಂತು.

"ನೋಡು ಅಕ್ಕ, ನಮ್ಮದೇ ಕತೆಯ ಹಾಗೆ ಉಂಟು," ಎಂದ ಫೋನಿನಲ್ಲಿ. "ನಾವು ಸತ್ತವರಿಗೆ ಬಡಿಸುವುದಿಲ್ವಾ? ಅದೇ!"

ಮೊದಲ ಕಂತು ಹಾಕಿದೆ. ಮಂಜು ಮುಸುಕಿದ ಒಂದು ಗಡಿ. ಮಂಜಿನಾಚೆಯಿಂದ ಆನೆಯಷ್ಟು ದೊಡ್ಡ ಮೃಗಗಳು ಊರೊಳಗೆ ನುಗ್ಗುತ್ತವೆ. ಗಡಿ ಕಾಯುವ ಯುವಕನೊಬ್ಬ ಕತ್ತಿಯಿಂದ ಅವುಗಳನ್ನು ಕಡಿದು ಹಾಕುತ್ತಾನೆ. ಅಲ್ಲಿಗೆ ಮುಗಿಯಿತೇ ಎಂದರೆ ಇಲ್ಲ. ಪ್ರತಿ ಮೃಗಕ್ಕೂ ತಿನ್ನಬೇಕೆಂದು ಆಸೆಪಟ್ಟ ಒಂದು ತಿನಿಸಿರುತ್ತದೆ. ಅದನ್ನು ಬೇಯಿಸಿ ಅದರ ಬಾಯಿಯ ಹತ್ತಿರ ಇಟ್ಟು, ಬೆನ್ನು ತಿರುಗಿಸಿ ನಿಲ್ಲಬೇಕು. ಇಲ್ಲದಿದ್ದರೆ ಅದು ಎದ್ದು ಮತ್ತೆ ಬರುತ್ತದೆ. ಅವನ ಜೊತೆ ಒಬ್ಬ ಹೆಂಗಸಿದ್ದಾಳೆ, ಒಲೆ ಉರಿಸುವವಳು. ಕತೆ ಇಷ್ಟೇ.

ಮಾತೆಲ್ಲ ಜಪಾನಿ. ಕೆಳಗೆ ಇಂಗ್ಲಿಷ್ ಅಕ್ಷರಗಳು ಬಂದು ಬಂದು ಹೋಗುತ್ತವೆ. ಹತ್ತರವರೆಗೆ ಕನ್ನಡ ಶಾಲೆಯಲ್ಲಿ ಕಲಿತ ನಾನು ಮೊದಲ ಪದ ಕೂಡಿಸುವಷ್ಟರಲ್ಲಿ ಸಾಲೇ ಮಾಯ. ತೊಡೆಯ ಮೇಲೆ ಬೀಡಿಯ ಗೆರಸೆ, ಸಂಜೆಯೊಳಗೆ ಕಟ್ಟಿ ಮುಗಿಸಬೇಕಾದ ಎಲೆ. ಎರಡು ಕಂತು ಹೇಗೋ ನೋಡಿದೆ. ಮೂರನೆಯದನ್ನು ಓಡಿಸಿ, ಕತ್ತಿ ಬೀಸುವಲ್ಲಿ ಮಾತ್ರ ನಿಲ್ಲಿಸಿದೆ. ಆಮೇಲೆ ಅದೂ ಇಲ್ಲ.

"ಎಷ್ಟಕ್ಕೆ ಬಂದೆ ಅಕ್ಕ?" ಎಂದು ಶುಕ್ರವಾರ ಕೇಳಿದ.

"ಐದು," ಎಂದುಬಿಟ್ಟೆ.

ಅವನ ದನಿ ಅರಳಿದ್ದು ಇಲ್ಲಿಗೆ ಕೇಳಿಸಿತು. ಐದನೆಯದರಲ್ಲಿ ನದಿಯ ಮೃಗಕ್ಕೆ ಹುಳಿ ಹಣ್ಣು ಇಟ್ಟದ್ದು ನೋಡಿದ್ಯಾ, ಆ ಹೆಂಗಸು ಒಲೆ ಊದಿ ಊದಿ ಕೆಮ್ಮುವುದು ಥೇಟ್ ಅಮ್ಮನ ಹಾಗೇ ಅಲ್ವಾ ಎಂದು ಹತ್ತು ನಿಮಿಷ ಒಂದೇ ಸಮನೆ ಮಾತಾಡಿದ. ನಾನು ಹೂಂ ಹೂಂ ಅಂದೆ. ಅಷ್ಟು ಖುಷಿಪಡುವವನಿಗೆ ನೋಡಿಲ್ಲ ಎಂದು ಹೇಳುವುದು ಹೇಗೆ? ಮರುವಾರ ಏಳು ಎಂದೆ. ಆಮೇಲೆ ಹತ್ತು, ಹನ್ನೆರಡು, ಹದಿನೈದು. ಆರಾಮ ಎನ್ನುವ ಹಾಗೇ ಇದನ್ನೂ ಹೇಳುತ್ತಾ ಹೋದೆ. ಏನಾದರೂ ಕೇಳಿದರೆ ಹೊಡೆದಾಟ ಸೂಪರ್ ಎನ್ನುತ್ತಿದ್ದೆ. ಹೊಡೆದಾಟದ ಕತೆಯಲ್ಲವೇ, ಎಲ್ಲ ಕಂತಿಗೂ ಅದು ಹೊಂದುತ್ತಿತ್ತು.

ಒಂದು ಶುಕ್ರವಾರ ಅವನು ಆರಾಮ ಎಂದೂ ಹೇಳದೆ, ಮಳೆಯನ್ನೂ ಕೇಳದೆ, ನೇರ ಅದನ್ನೇ ಕೇಳಿದ. "ಅಕ್ಕ, ಹತ್ತೊಂಬತ್ತು ನೋಡಿದ್ಯಾ?"

"ನೋಡಿದೆ."

"ಸರೀ ನೋಡಿದ್ಯಾ? ಎಂತ ಅನಿಸಿತು?"

ಕಟ್ಟಿದ ಬೀಡಿ ಕೊಟ್ಟು ಬರಲು ಬ್ರಾಂಚಿಗೆ ಹೊರಡುವ ಹೊತ್ತು. ಕಟ್ಟುಗಳನ್ನು ಚೀಲಕ್ಕೆ ತುಂಬಿಸುತ್ತಾ ಹೇಳಿದೆ, "ಅಬ್ಬಾ, ಎಂತ ಬೀಸುವುದು ಮಾರಾಯ ಆ ಕತ್ತಿ! ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಸಿದ!"

ಐದಕ್ಕೆ ಹತ್ತು ನಿಮಿಷ ಮಾತಾಡಿದವನು ಹತ್ತೊಂಬತ್ತಕ್ಕೆ ಒಂದೇ ಮಾತು ಆಡಿದ.

"ಹೌದಾ ಅಕ್ಕ," ಎಂದ. "ಮತ್ತೆಂತ?"

"ಮತ್ತೆಂತ ಇಲ್ಲ. ಎಲ್ಲ ಆರಾಮ. ನೀನು?"

"ಆರಾಮ. ಅಮ್ಮನಿಗೆ ಕೊಡು."

ಅದಾಗಿ ಮೂರನೆಯ ವಾರ ಗೋದಾಮಿನ ಬಾಗಿಲಲ್ಲಿ ಬಿದ್ದನಂತೆ. ಹೃದಯ. ಇಪ್ಪತ್ತಾರು ವರ್ಷ. ಮಂಗಳೂರಿನ ವಿಮಾನ ನಿಲ್ದಾಣದಿಂದ ಪೆಟ್ಟಿಗೆ ತಂದೆವು. ಅದನ್ನು ಬರೆಯಲು ನನ್ನಿಂದಾಗದು.

ಹದಿನಾರನೆಯ ದಿನ ಅವನಿಗೆ ಬಡಿಸಬೇಕಿತ್ತು. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಯೆಲೆಯಲ್ಲಿ ಬಡಿಸಿ, ದೀಪ ಹಚ್ಚಿಟ್ಟು ಬಾಗಿಲು ಮುಚ್ಚುತ್ತಾರೆ. ಮನೆಯವರೆಲ್ಲ ಹೊರಗೆ ನಿಲ್ಲುತ್ತೇವೆ. ಉಂಡಾಯಿತು ಎಂದುಕೊಳ್ಳುವಷ್ಟು ಹೊತ್ತು ಬಿಟ್ಟು, ಹಿರಿಯರು ಮೂರು ಸಲ ಬಾಗಿಲು ತಟ್ಟಿ ತೆರೆಯುವುದು. ಆ ಬೆಳಿಗ್ಗೆ ಸೋದರಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವನಿಗೆ ಎಂತ ಎಲ್ಲ ಇಷ್ಟ? ಹೇಳಿ, ತರುವಾ," ಎಂದರು.

ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ. ಆರು ವರ್ಷ ಅವನು ಅಲ್ಲಿ ಏನು ತಿಂದ, ಯಾವುದು ಹಿಡಿಸಿತು, ಯಾವುದು ಬಿಟ್ಟ, ಇಬ್ಬರಿಗೂ ಗೊತ್ತಿಲ್ಲ. ಊಟ ಆಯ್ತಾ ಎಂದು ಪ್ರತಿ ವಾರ ಕೇಳಿದ್ದೆವು, ಏನು ಉಂಡೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೊನೆಗೆ ಇಪ್ಪತ್ತು ವರ್ಷದ ಹುಡುಗನಿಗೆ ಇಷ್ಟವಿದ್ದದ್ದನ್ನೇ ಬಡಿಸಿದೆವು. ಕೋಳಿ ರೊಟ್ಟಿ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ, ಹಲಸಿನ ಹಪ್ಪಳ. ಎಲೆಯ ಮುಂದೆ ಕೂತವನು ಅದನ್ನು ನೋಡಿ ಏನೆಂದುಕೊಂಡನೋ.

ಕೆಲವು ತಿಂಗಳ ಮೇಲೆ ಉಪ್ಪಳದವನು ಅವನ ಬಟ್ಟೆಬರೆಯ ಚೀಲ ತಂದುಕೊಟ್ಟ. ಜಗಲಿಯಲ್ಲಿ ಕೂತು ನೀರು ಕುಡಿದು, ನನ್ನೊಬ್ಬಳನ್ನೇ ಕರೆದು ಕೇಳಿದ. "ಎರಡು ತಿಂಗಳಿನಿಂದ ಎದೆಯ ಎಡಗಡೆ ನೋವು ಇತ್ತು ಅವನಿಗೆ. ನಿಮಗೆ ಗೊತ್ತಿರ್ಲಿಲ್ವಾ?"

"ಇಲ್ಲ," ಎಂದೆ.

"ಮನೆಗೆ ಹೇಳು, ಹೋಗಿ ತೋರಿಸು ಅಂತ ನಾನು ಜಗಳವೇ ಮಾಡಿದ್ದೆ. ಅಕ್ಕನಿಗೆ ಹೇಳುವ ದಾರಿ ಉಂಟು, ಅಕ್ಕನೇ ಕೇಳ್ತಾಳೆ ಅಂತ ಹೇಳಿದ್ದ."

ಯಾವ ದಾರಿ ಎಂದು ನನಗೆ ಹೊಳೆಯಲಿಲ್ಲ. ಅವನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಮಗುಚಿ ಮಗುಚಿ ನೆನಪಿಸಿಕೊಂಡೆ. ಹೇಳಿದ್ದು ಆರಾಮ, ಮತ್ತೆ ಅನಿಮೆ.

ಡಿವಿಡಿಗಳು ಬಿಸ್ಕತ್ತಿನ ಡಬ್ಬದಲ್ಲಿ ಬೀಡಿ ನೂಲಿನ ಉಂಡೆಯ ಕೆಳಗೆ ಬಿದ್ದಿದ್ದವು. ತೆಗೆದೆ. ಶಾಲೆಯಲ್ಲಿ ಬಹುಮಾನ ಬಂದಿದ್ದ ನಿಘಂಟನ್ನೂ ತೆಗೆದೆ. ಒಂದು ಸಾಲು ಬಂದ ಕೂಡಲೇ ರಿಮೋಟ್ ಒತ್ತಿ ನಿಲ್ಲಿಸುವುದು, ಪದ ಕೂಡಿಸುವುದು, ಅರ್ಥವಾಗದ್ದನ್ನು ಹುಡುಕುವುದು, ಅಮ್ಮನಿಗೆ ಗಟ್ಟಿಯಾಗಿ ತುಳುವಿನಲ್ಲಿ ಹೇಳುವುದು, ಒಂದು ಬೀಡಿ ಸುತ್ತುವುದು, ಮತ್ತೆ ಒತ್ತುವುದು. ಅರ್ಧ ಗಂಟೆಯ ಒಂದು ಕಂತು ಮೂರು ದಿನ ಹಿಡಿಯುತ್ತಿತ್ತು. ಅಮ್ಮ ಗೋಡೆಗೆ ಒರಗಿ ಎಲೆ ಕತ್ತರಿಸುತ್ತಾ ಕೇಳುತ್ತಿದ್ದರು.

ಹಾಗೆ ನೋಡಿದವಳ ಮಾತಿದು, ನಂಬಿ. ಚಿತ್ರ ಚೆನ್ನಾಗಿಲ್ಲ, ಒಪ್ಪುತ್ತೇನೆ. ಅದೇ ಮಂಜು, ಅದೇ ಮರ ಮತ್ತೆ ಮತ್ತೆ ಬರುತ್ತದೆ. ಹಾಡೋ, ದೇವರೇ, ಕಿವಿ ಮುಚ್ಚಬೇಕು. ಆದರೆ ಅದರಲ್ಲಿ ಕತ್ತಿಗೆ ಭಾರವಿದೆ. ಕೊಂದ ಮೇಲೆ ಎರಡೂ ಕೈಯಲ್ಲಿ ಅದನ್ನು ಎಳೆದು ತಂದು ತೊಳೆಯುತ್ತಾನೆ, ಆಮೇಲೆ ಅದೇ ಕೈಯಲ್ಲಿ ತರಕಾರಿ ಹೆಚ್ಚುತ್ತಾನೆ. ಟಿವಿಯಲ್ಲಿ ಎಷ್ಟೋ ಹೊಡೆದಾಟ ನೋಡಿದ್ದೇನೆ. ಸತ್ತದ್ದಕ್ಕೂ ಒಂದು ಹಸಿವಿತ್ತು ಎಂದು ನೆನೆದದ್ದು ಇದೊಂದೇ. ನಿಧಾನವಂತೆ! ಸತ್ತವರ ಅಡುಗೆ ಅವಸರದಲ್ಲಿ ಆಗುತ್ತದೆಯೇ? ನಮ್ಮ ಮನೆಗೆ ಬಂದು ನೋಡಲಿ.

ಹತ್ತೊಂಬತ್ತನೆಯದು ಬಂದದ್ದು ತುಳುವರ ಆಷಾಢವಾದ ಆಟಿ ತಿಂಗಳಿನಲ್ಲಿ, ಹೊರಗೆ ಮಳೆ ಹೊಡೆಯುತ್ತಿತ್ತು.

ಆ ಕಂತಿನಲ್ಲಿ ಕತ್ತಿಯನ್ನು ಒಮ್ಮೆಯೂ ಬೀಸುವುದಿಲ್ಲ.

ಶುರುವಿನಿಂದ ಕೊನೆಯವರೆಗೆ ಆ ಯುವಕ ಗಡಿಯ ಮೆಟ್ಟಿಲಲ್ಲಿ ಕೂತಿರುತ್ತಾನೆ. ಹಿಂದಿನ ಹೊಡೆದಾಟದಲ್ಲಿ ಪಕ್ಕೆಗೆ ಗಾಯವಾಗಿದೆ, ಯಾರಿಗೂ ಹೇಳಿಲ್ಲ. ಏಳಲಾಗುವುದಿಲ್ಲ. ಕತ್ತಿ ಕಲ್ಲಿನ ಮೇಲೆ ಬಿದ್ದಿದೆ. ಊರಿನವರು ಹೋಗುತ್ತಾ ಬರುತ್ತಾ ಮಾತಾಡಿಸುತ್ತಾರೆ, ಅವನು ನಗುತ್ತಾನೆ. ಒಲೆಯ ಹೆಂಗಸು ಬಂದು ಪಕ್ಕದಲ್ಲಿ ಕೂರುತ್ತಾಳೆ. ಆಮೇಲೆ, ನೋವಿದೆಯಾ ಎಂದು ಕೇಳುತ್ತಾಳೆ. ಏನಿಲ್ಲ ಎನ್ನುತ್ತಾನೆ. ಅವಳು ಎದ್ದು ಹೋಗುವುದಿಲ್ಲ. ಇನ್ನೊಮ್ಮೆ ಕೇಳುತ್ತಾಳೆ. ಆಗ ಅವನು, ಇದೆ ಎನ್ನುತ್ತಾನೆ. ಕಂತು ಮುಗಿಯಿತು.

ರಿಮೋಟ್ ಕೈಯಲ್ಲೇ ಉಳಿಯಿತು. ನಾನು ನೋಡಿಲ್ಲ ಎಂದು ಆ ಶುಕ್ರವಾರವೇ ಅವನಿಗೆ ಗೊತ್ತಾಗಿತ್ತು. ಎಂತ ಬೀಸುವುದು ಮಾರಾಯ ಎಂದಿದ್ದೆನಲ್ಲ ನಾನು, ನನ್ನ ನಾಲಿಗೆಗೆ ಹುಳ ಬೀಳಲಿ. ನೀನು ಸುಳ್ಳು ಹೇಳ್ತಿ ಅಕ್ಕ ಎಂದು ಒಂದು ಮಾತು ಬೈದಿದ್ದರೂ ಆಗುತ್ತಿತ್ತು. ಬೈಯಲಿಲ್ಲ. ಹೌದಾ ಎಂದ. ನನಗೆ ನಾಚಿಕೆಯಾಗಬಾರದೆಂದು ತನ್ನ ನೋವನ್ನು ಮತ್ತೆ ಒಳಗಿಟ್ಟುಕೊಂಡ.

"ಎಂತ ಆಯ್ತು, ಮುಂದೆ ಹೇಳು," ಎಂದರು ಅಮ್ಮ. ಹೇಳಿದೆ. ಆ ಶುಕ್ರವಾರದ ಫೋನಿನ ಮಾತನ್ನೂ ಹೇಳಿದೆ. ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಕತ್ತರಿ ಕೆಳಗಿಟ್ಟು, ಒಮ್ಮೆ ಮುರಿದಿದ್ದ ತನ್ನ ಬಲಗೈಯನ್ನು ನೋಡುತ್ತಾ ಕೂತರು.

ಅದೇ ತಿಂಗಳು ತೀರಿಹೋದವರಿಗೆಲ್ಲ ಬಡಿಸುವ ದಿನ ಬಂತು. ಅವನಿಗೂ ಒಂದು ಎಲೆ. ಈ ಸಲ ಉಪ್ಪಳದವನಿಗೆ ಫೋನು ಮಾಡಿ, ಅವನು ಅಲ್ಲಿ ಏನು ತಿನ್ನುತ್ತಿದ್ದ ಎಂದು ಕೇಳಿದೆ. ದಪ್ಪ ರೊಟ್ಟಿ, ಬೇಳೆ, ಹಸಿ ಈರುಳ್ಳಿ, ಮೇಲೆ ಸಕ್ಕರೆ ಜಾಸ್ತಿ ಹಾಕಿದ ಕಪ್ಪು ಚಹಾ. ಅದನ್ನೇ ಮಾಡಿದೆ. ಎಲೆಯಲ್ಲಿ ಚಹಾದ ಲೋಟ ಕಂಡು ಮಾವ ಹುಬ್ಬು ಗಂಟಿಕ್ಕಿದರೂ ಅದನ್ನು ತೆಗೆಯಲಿಲ್ಲ. ದೀಪ ಹಚ್ಚಿ ಬಾಗಿಲು ಮುಚ್ಚಿದರು.

ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ನಾನು ಬಾಗಿಲಿನ ಹಲಗೆಗೆ ಹಣೆ ತಾಗಿಸಿ ನಿಂತೆ. ಬಾಯಿ ತಡೆಯಲಿಲ್ಲ.

"ಹತ್ತೊಂಬತ್ತು ನೋಡಿದೆ ಮಾರಾಯ," ಎಂದೆ. "ದೇವರಾಣೆ, ಈಗ ನೋಡಿದೆ. ನೋವುಂಟಾ?"

ತಟ್ಟಲು ಎತ್ತಿದ್ದ ಕೈಯನ್ನು ಮಾವ ಇಳಿಸಿದರು. ಹಿಂದಿನಿಂದ ಅಮ್ಮ ಬಂದು ನನ್ನ ಭುಜ ಹಿಡಿದುಕೊಂಡರು.

"ಇಲ್ಲ ಅಂತಲೇ ಹೇಳುವುದು ಅವನು," ಎಂದರು. "ಇನ್ನೊಮ್ಮೆ ಕೇಳು."